ಆನ್‌ಲೈನ್ ಕಟ್ಟಡ ಪರವಾನಿಗೆ ಸೇವೆಯ ವಿಮರ್ಶೆ: ಯಾವ ದಿನದ ನಿಯಮಕ್ಕೆ ನಕ್ಷೆ ಬರೆಯಬೇಕು?

ಕಟ್ಟಡದ ನಕ್ಷೆಯನ್ನು ಆನ್‌ಲೈನಿನಲ್ಲಿ ಸಲ್ಲಿಸಿ ನಗರ ಸ್ಥಳೀಯ ಸಂಸ್ಥೆಯಿಂದ ಪರವಾನಿಗೆ ಪಡೆಯುವ ಸೇವೆಯನ್ನು ನಾನು ಬೆಳಗಾವಿಯ ನನ್ನ ಕಚೇರಿಯಿಂದ ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳಲ್ಲಿ ಕೈಗೆತ್ತಿಕೊಂಡ ಕೆಲಸಗಳೂ ಇದೇ ದಾರಿಯಲ್ಲಿ ಹೋಗುತ್ತವೆ. ಮನೆ ಕಟ್ಟಿಸುವವರು ಈ ಸೇವೆಯನ್ನು ನೇರವಾಗಿ ನೋಡುವುದು ಅಪರೂಪ; ಪರವಾನಿಗೆ ಬಂತೇ, ಇಲ್ಲವೇ ಎಂಬುದಷ್ಟೇ ಅವರಿಗೆ ತಿಳಿಯುತ್ತದೆ. ದಿನನಿತ್ಯ ಇದರೊಡನೆ ಏಗುವವರು ಆರ್ಕಿಟೆಕ್ಟರು ಮತ್ತು ಸಿವಿಲ್ ಎಂಜಿನಿಯರರು. ಹಾಗಾಗಿ ಈ ವಿಮರ್ಶೆ ನಮ್ಮ ಕಡೆಯಿಂದ ಬರಬೇಕಾದದ್ದು ಎಂದು ಭಾವಿಸಿ ಬರೆಯುತ್ತಿದ್ದೇನೆ. ಅಂಕವನ್ನು ಮೊದಲೇ ಹೇಳಿಬಿಡುವುದಾದರೆ, ತಂತ್ರಾಂಶಕ್ಕೆ ಐದಕ್ಕೆ ನಾಲ್ಕು, ಆ ತಂತ್ರಾಂಶ ಯಾವ ನಿಯಮಗಳನ್ನು ಓದಿಕೊಂಡು ತೀರ್ಪು ಕೊಡುತ್ತದೆಯೋ ಆ ನಿಯಮಗಳ ನಿರ್ವಹಣೆಗೆ ಎರಡು.

ನಾಲ್ಕು ಅಂಕ ಏಕೆಂದು ಮೊದಲು ಹೇಳಬೇಕು. ಕಾಗದದ ಕಾಲದಲ್ಲಿ ನಕ್ಷೆಯ ಹಲವು ಪ್ರತಿಗಳನ್ನು ತೆಗೆಸಿ, ಪ್ರತಿ ಪ್ರತಿಗೂ ಮೊಹರು ಹಾಕಿ, ಕಡತ ಯಾವ ಮೇಜಿನ ಮೇಲಿದೆ ಎಂದು ವಿಚಾರಿಸಲು ಒಬ್ಬ ಹುಡುಗನನ್ನು ಕಚೇರಿಯಿಂದ ಕಳಿಸುತ್ತಿದ್ದೆವು. ಈಗ ನಕ್ಷೆಯನ್ನು ಕಂಪ್ಯೂಟರಿನಲ್ಲಿ ನಿಗದಿತ ಲೇಯರುಗಳಲ್ಲಿ (ಒಂದರ ಮೇಲೊಂದು ಕೂರುವ ಪದರಗಳಲ್ಲಿ) ಬರೆದು ಏರಿಸಿದರೆ ಸಾಕು. ನಿವೇಶನದ ಗಡಿ, ಕಟ್ಟಡದ ಅಂಚು, ಕೋಣೆ, ಕಿಟಕಿ, ಮೆಟ್ಟಿಲು ಇವೆಲ್ಲ ತಂತಮ್ಮ ಲೇಯರಿನಲ್ಲಿ, ಗೆರೆಗಳು ಎಲ್ಲಿಯೂ ಬಾಯಿ ಬಿಡದಂತೆ ಮುಚ್ಚಿಕೊಂಡಿದ್ದರೆ ಯಂತ್ರವೇ ವಿಸ್ತೀರ್ಣವನ್ನೂ ಸುತ್ತ ಬಿಡಬೇಕಾದ ಜಾಗವನ್ನೂ ಎತ್ತರವನ್ನೂ ಅಳೆಯುತ್ತದೆ. ಒಂದು ಗೆರೆ ಕೂಡದೆ ಉಳಿದರೆ ಕೋಣೆಯೇ ಇಲ್ಲ ಎಂದು ವರದಿ ಬರುತ್ತದೆ. ಹೊಸದಾಗಿ ಕಲಿಯುವವರು ಇದಕ್ಕೆ ಬೇಸರಪಡುತ್ತಾರಾದರೂ, ಈ ಶಿಸ್ತು ನಮ್ಮ ಕಚೇರಿಯ ಕೆಲಸಗಾರರ ಕೈಯನ್ನು ಸುಧಾರಿಸಿದೆ ಎಂದೇ ನನ್ನ ಅನುಭವ. ಶುಲ್ಕದ ಲೆಕ್ಕವೂ ಪಾರದರ್ಶಕವಾಗಿದೆ. ನಿರ್ಮಾಣ ವೆಚ್ಚ ನಿಗದಿತ ಮಿತಿಯನ್ನು ಮೀರಿದರೆ ಕಟ್ಟಡ ಕಾರ್ಮಿಕರ ಕಲ್ಯಾಣ ನಿಧಿಗೆ ಶೇಕಡಾ 1ರಷ್ಟು ಸೆಸ್ ಕಟ್ಟಬೇಕೆಂಬುದು ಮೊದಲಿಂದಲೂ ಇದ್ದ ಕಾನೂನು. ಅದನ್ನು ಯಾರು, ಯಾವಾಗ, ಎಷ್ಟು ಕಟ್ಟಬೇಕು ಎಂಬ ಚೌಕಾಶಿ ಮಾತ್ರ ಈಗ ನಿಂತಿದೆ.

ಇನ್ನು ಎರಡು ಅಂಕದ ಮಾತು. ಒಂದೇ ಗಾತ್ರದ ಮನೆಗೆ ಬೆಳಗಾವಿ ಮಹಾನಗರ ಪಾಲಿಕೆಯಲ್ಲಿ 1976ರ ಪಾಲಿಕೆಗಳ ಅಧಿನಿಯಮ, ಬಾಗಲಕೋಟೆ ನಗರಸಭೆಯಲ್ಲಿ 1964ರ ಪುರಸಭೆಗಳ ಅಧಿನಿಯಮ, ಊರ ಹೊರಗಿನ ಹಳ್ಳಿಯಲ್ಲಿ 1993ರ ಪಂಚಾಯತ್ ರಾಜ್ ಅಧಿನಿಯಮ ಅನ್ವಯಿಸುತ್ತದೆ. ಇವೆಲ್ಲದರ ಮೇಲೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದಡಿ ಆಯಾ ಊರಿನ ಮಹಾಯೋಜನೆಯ (ಮಾಸ್ಟರ್ ಪ್ಲಾನಿನ) ವಲಯ ನಿಯಮಾವಳಿ, ಅಂದರೆ ಯಾವ ಜಾಗದಲ್ಲಿ ಏನನ್ನು ಹೇಗೆ ಕಟ್ಟಬಹುದೆಂದು ಹೇಳುವ ನಿಯಮಾವಳಿ, ಇರುತ್ತದೆ. ಪುರಸಭೆಗಳಿಗಾಗಿ 2017ರ ಮಾದರಿ ಕಟ್ಟಡ ಉಪವಿಧಿಗಳೂ ಇವೆ. ಇಷ್ಟು ಪದರಗಳಿರುವುದು ತಪ್ಪಲ್ಲ. ಆದರೆ ಇವುಗಳಲ್ಲಿ ಒಂದಲ್ಲ ಒಂದು ಪದರ ಸದಾ ತಿದ್ದುಪಡಿಗೆ ಒಳಗಾಗುತ್ತಲೇ ಇರುತ್ತದೆ. ಅಧಿನಿಯಮದ ತಿದ್ದುಪಡಿಯಾದರೆ ಅದು ಪತ್ರಿಕೆಯಲ್ಲಿ ಬರುತ್ತದೆ, ಕೆಲವೊಮ್ಮೆ ನಮ್ಮ ಊರಿನ ಸುವರ್ಣ ವಿಧಾನಸೌಧದಲ್ಲಿಯೇ ಅಂಗೀಕಾರವಾಗುತ್ತದೆ. ನಮ್ಮನ್ನು ತೊಡಕಿಗೆ ಸಿಲುಕಿಸುವುದು ಅದಕ್ಕಿಂತ ಕೆಳಗಿನ ಹಂತದ್ದು: ಸುತ್ತೋಲೆ, ಸ್ಪಷ್ಟೀಕರಣ, ಸ್ಪಷ್ಟೀಕರಣಕ್ಕೆ ಮತ್ತೊಂದು ಸ್ಪಷ್ಟೀಕರಣ.

ಇಲ್ಲಿ ಸಾಮಾನ್ಯ ಗ್ರಾಹಕರಿಗೆ ತಿಳಿಯದ ಒಂದು ಸಂಗತಿಯಿದೆ. ಅರ್ಜಿ ಹಾಕಿದ ದಿನ ಜಾರಿಯಲ್ಲಿದ್ದ ನಿಯಮವೇ ತಮ್ಮ ಮನೆಗೆ ಅನ್ವಯಿಸುತ್ತದೆ ಎಂದು ಬಹುತೇಕರು ನಂಬಿರುತ್ತಾರೆ. ಕಾನೂನು ಹಾಗಿಲ್ಲ. ಹೌರಾ ಮಹಾನಗರ ಪಾಲಿಕೆ ಮತ್ತು ಗ್ಯಾಂಜಸ್ ರೋಪ್ ಕಂಪನಿಯ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2003ರ ಡಿಸೆಂಬರಿನಲ್ಲಿಯೇ ಹೇಳಿದೆ: ನಕ್ಷೆ ಸಲ್ಲಿಸಿದ ಮಾತ್ರಕ್ಕೆ ಅರ್ಜಿದಾರನಿಗೆ ಹಕ್ಕು ಹುಟ್ಟುವುದಿಲ್ಲ, ಮಂಜೂರಾತಿಯ ದಿನ ಯಾವ ನಿಯಮ ಜಾರಿಯಲ್ಲಿದೆಯೋ ಅದೇ ಅನ್ವಯ. ಇದರ ಪರಿಣಾಮವನ್ನು ನಮ್ಮ ಮೇಜಿನ ಮೇಲಿಟ್ಟು ನೋಡಿದರೆ, ಅರ್ಜಿ ಬಾಕಿ ಇರುವ ಪ್ರತಿಯೊಂದು ದಿನವೂ ನಕ್ಷೆ ಹಳೆಯದಾಗಬಹುದಾದ ದಿನ. ದಾಖಲೆಯೊಂದರ ಬಗ್ಗೆ ಆಕ್ಷೇಪಣೆ ಹಾಕಿ ಕಡತವನ್ನು ಹಿಂದಿರುಗಿಸಿದರೆ ಹೋಗುವುದು ಸಮಯ ಮಾತ್ರವಲ್ಲ, ಆ ಸಮಯದಲ್ಲಿ ನಿಯಮವೂ ಕೈತಪ್ಪಬಹುದು.

ಈ ಮೂರು ಜಿಲ್ಲೆಗಳ ಒಂದು ಊರಿನಲ್ಲಿ ನನಗೆ ಹೀಗೆಯೇ ಆಯಿತು. ಎರಡು ಅಂತಸ್ತಿನ ಮನೆಯ ನಕ್ಷೆ ಯಂತ್ರದ ಪರಿಶೀಲನೆಯಲ್ಲಿ ಯಾವ ಕೊರತೆಯೂ ಇಲ್ಲದೆ ಉತ್ತೀರ್ಣವಾಗಿತ್ತು. ಆಮೇಲೆ ಮಾಲೀಕರ ಹೆಸರಿನ ಇನಿಷಿಯಲ್ ಕುರಿತು ಆಕ್ಷೇಪಣೆ ಬಂತು. ಅದನ್ನು ಸರಿಪಡಿಸಿ ಮರಳಿ ಸಲ್ಲಿಸುವಷ್ಟರಲ್ಲಿ ಆ ಊರಿನ ವಲಯ ನಿಯಮಾವಳಿಯಲ್ಲಿ ರಸ್ತೆಯ ಅಗಲವನ್ನು ಪರಿಗಣಿಸುವ ಬಗೆ ಬದಲಾಗಿ, ಮುಂದೆ ಬಿಡಬೇಕಾದ ಜಾಗದ ಲೆಕ್ಕವೇ ಬೇರೆಯಾಯಿತು. ಜಾಗ ಬದಲಾದರೆ ಕಂಬಗಳ ಸಾಲು ಸರಿಯುತ್ತದೆ, ಕಂಬ ಸರಿದರೆ ಮೆಟ್ಟಿಲು ಕೂರುವುದಿಲ್ಲ, ಮೆಟ್ಟಿಲು ಜಾಗ ಬಿಟ್ಟರೆ ದೇವರ ಕೋಣೆ ಈಶಾನ್ಯದಲ್ಲಿ ಉಳಿಯುವುದಿಲ್ಲ. ಕೊನೆಯದಕ್ಕೆ ಮನೆಯ ಹಿರಿಯರು ಒಪ್ಪುವುದಿಲ್ಲ. ಹೀಗೆ ಇಡೀ ಮನೆಯನ್ನು ಮೊದಲಿನಿಂದ ಬರೆದೆವು. ತಂತ್ರಾಂಶ ಎರಡನೆಯ ಬಾರಿಯೂ ಅಷ್ಟೇ ಚುರುಕಾಗಿ ಉತ್ತೀರ್ಣ ಎಂದಿತು. ಮೊದಲ ಸಲದ ಉತ್ತೀರ್ಣ ಯಾವ ದಿನಾಂಕದ ನಿಯಮಕ್ಕೆ, ಎರಡನೆಯದು ಯಾವ ದಿನಾಂಕದ್ದಕ್ಕೆ ಎಂಬುದು ಎರಡೂ ವರದಿಗಳಲ್ಲಿ ಇರಲಿಲ್ಲ.

ಈ ಸೇವೆಯ ಬಗ್ಗೆ ನನ್ನ ಮುಖ್ಯ ಆಕ್ಷೇಪ ಇದೊಂದೇ. ಪರಿಶೀಲನಾ ವರದಿಯ ಮೇಲೆ, ಪರವಾನಿಗೆ ಪತ್ರದ ಮೇಲೆ, ಯಾವ ನಿಯಮಾವಳಿಯ ಯಾವ ದಿನಾಂಕದ ತಿದ್ದುಪಡಿಯವರೆಗೆ ಲೆಕ್ಕಕ್ಕೆ ತೆಗೆದುಕೊಳ್ಳಲಾಗಿದೆ ಎಂಬ ಒಂದು ಸಾಲನ್ನು ಮುದ್ರಿಸಬೇಕು. ಹೊಸ ನಿಯಮ ಬಂದಾಗ ಬಾಕಿ ಇರುವ ಅರ್ಜಿಗಳಿಗೆ ಏನಾಗುತ್ತದೆ ಎಂಬುದನ್ನು ಅದೇ ಆದೇಶದಲ್ಲಿ ಬರೆಯಬೇಕು. ಸರ್ಕಾರ ಮನಸ್ಸು ಮಾಡಿದರೆ ಬಾಕಿ ಅರ್ಜಿಗಳನ್ನು ಹಳೆಯ ನಿಯಮದಲ್ಲಿಯೇ ಮುಗಿಸಲು ಅವಕಾಶ ಕೊಡುವ ವಾಕ್ಯವೊಂದನ್ನು ತಿದ್ದುಪಡಿಯಲ್ಲಿ ಸೇರಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಸುಪ್ರೀಂ ಕೋರ್ಟಿನ ತೀರ್ಪು ಅದನ್ನು ತಡೆಯುವುದಿಲ್ಲ.

ಎರಡನೆಯ ತೊಡಕು ಒಡೆತನದ ದಾಖಲೆಗಳದ್ದು, ಮತ್ತು ಇದು ನಮ್ಮ ಭಾಗಕ್ಕೆ ವಿಶೇಷವಾದದ್ದು. ಹಳೆಯ ಮುಂಬೈ ಪ್ರಾಂತದ ಭಾಗವಾಗಿದ್ದ ಈ ಜಿಲ್ಲೆಗಳ ಪಟ್ಟಣಗಳಲ್ಲಿ ಪ್ರತಿ ಆಸ್ತಿಗೂ ಸಿಟಿ ಸರ್ವೆ, ಅಂದರೆ ಪಟ್ಟಣದ ಭೂಮಾಪನ, ಕೊಟ್ಟ ಸಿಟಿಎಸ್ ನಂಬರು, ಪ್ರಾಪರ್ಟಿ ಕಾರ್ಡು ಒಂದು ಕಡೆ. ನಗರಸಭೆಯ ಆಸ್ತಿ ದಾಖಲೆಯಾದ ಉತಾರ ಇನ್ನೊಂದು ಕಡೆ. ಬೆಳಗಾವಿಯ ಹಳೆಯ ಗಲ್ಲಿಗಳಲ್ಲಿ ಇವೆರಡರ ಅಳತೆ ಒಂದಕ್ಕೊಂದು ತಾಳೆಯಾದರೆ ಅದು ಭಾಗ್ಯ. 2024ರ ಅಕ್ಟೋಬರಿನಲ್ಲಿ ನಗರ ಆಸ್ತಿಗಳ ನೋಂದಣಿಗೆ ಇ-ಖಾತೆ (ನಗರ ಸಂಸ್ಥೆಯ ಗಣಕೀಕೃತ ಆಸ್ತಿ ದಾಖಲೆ) ಕಡ್ಡಾಯವಾದ ಮೇಲೆ ಈ ಹಳೆಯ ವ್ಯತ್ಯಾಸಗಳೆಲ್ಲ ಒಮ್ಮೆಲೇ ಮೇಲೆದ್ದು ಬಂದವು. ತಾತ್ವಿಕವಾಗಿ ಇದನ್ನು ನಾನು ಸ್ವಾಗತಿಸುತ್ತೇನೆ, ಏಕೆಂದರೆ ತಪ್ಪು ಅಳತೆಯ ಮೇಲೆ ಬರೆದ ನಕ್ಷೆಗೆ ಅಡಿಪಾಯವೇ ಇರುವುದಿಲ್ಲ. ಆದರೆ ಅಳತೆ ಸರಿಪಡಿಸುವ ಕೆಲಸ ಭೂದಾಖಲೆಗಳ ಇಲಾಖೆಯದು, ಖಾತೆ ತಿದ್ದುವುದು ನಗರ ಸಂಸ್ಥೆಯದು, ನಕ್ಷೆ ಬರೆಯುವುದು ನಮ್ಮದು. ಈ ಮೂವರ ನಡುವೆ ಓಡಾಡಬೇಕಾದವನು ಮಾತ್ರ ರೂಢಿಯಲ್ಲಿ ಆರ್ಕಿಟೆಕ್ಟ್ ಎಂದಾಗಿಬಿಟ್ಟಿದೆ.

2025ರ ಫೆಬ್ರವರಿಯಲ್ಲಿ ಅನಧಿಕೃತ ಬಡಾವಣೆಗಳ ನಿವೇಶನಗಳಿಗೆ ಬಿ ಖಾತೆ ಕೊಡುವ ಕೆಲಸವನ್ನು ರಾಜ್ಯದ ನಗರಗಳಲ್ಲಿ ಆರಂಭಿಸಿದಾಗ ನಮ್ಮ ಕಚೇರಿಯ ಫೋನು ಬಿಡುವಿಲ್ಲದೆ ಬಾರಿಸಿತು. ಗುಂಟೆ ಲೆಕ್ಕದಲ್ಲಿ ಜಾಗ ಕೊಂಡವರು, ಎನ್‌ಎ ಆಗದ, ಅಂದರೆ ಕೃಷಿಯೇತರ ಬಳಕೆಗೆ ಪರಿವರ್ತನೆಯಾಗದ, ಹೊಲದಲ್ಲಿ ಪ್ಲಾಟು ಹಿಡಿದವರು, ಖಾತೆ ಸಿಕ್ಕಿತಲ್ಲ, ಇನ್ನು ನಕ್ಷೆ ಬರೆದುಕೊಡಿ ಎಂದು ಬಂದರು. ಬಿ ಖಾತೆ ತೆರಿಗೆ ಕಟ್ಟಿಸಿಕೊಳ್ಳುವ ವ್ಯವಸ್ಥೆಯೇ ಹೊರತು ಬಡಾವಣೆಯನ್ನು ಸಕ್ರಮಗೊಳಿಸುವುದಲ್ಲ, ಅದರ ಆಧಾರದ ಮೇಲೆ ಕಟ್ಟಡ ನಕ್ಷೆ ಮಂಜೂರಾಗುವುದಿಲ್ಲ ಎಂದು ಹೇಳಿದರೆ, ಈ ಸುದ್ದಿಯನ್ನು ನಾವೇ ಹುಟ್ಟಿಸಿದೆವೋ ಎಂಬಂತೆ ನೋಡುತ್ತಾರೆ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಕೊಡುವ ಆಸ್ತಿ ದಾಖಲೆಗಳಾದ ನಮೂನೆ 9, 11ಎ ಮತ್ತು 11ಬಿಗಳ ವಿಷಯದಲ್ಲಿಯೂ ಇದೇ ಗೊಂದಲ. ಸೇವೆಯ ಮೊದಲ ಪುಟದಲ್ಲಿಯೇ ಯಾವ ದಾಖಲೆಗೆ ಪರವಾನಿಗೆ ಸಿಗುತ್ತದೆ, ಯಾವುದಕ್ಕೆ ಸಿಗುವುದಿಲ್ಲ ಎಂದು ದೊಡ್ಡಕ್ಷರದಲ್ಲಿ, ಕನ್ನಡದಲ್ಲಿ ಬರೆದರೆ ಎಷ್ಟೋ ಜನರ ಮುಂಗಡ ಹಣ ಉಳಿಯುತ್ತದೆ.

ಬಾಗಲಕೋಟೆಯ ನವನಗರದ ಕಡತಗಳು ಮಾತ್ರ ಈ ವಿಷಯದಲ್ಲಿ ಹಗುರ. ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಡೆಯಾದವರಿಗಾಗಿ ಚಾರ್ಲ್ಸ್ ಕೊರಿಯಾ ಯೋಜಿಸಿದ ಈ ಊರಿನಲ್ಲಿ ಸೆಕ್ಟರುಗಳೂ ರಸ್ತೆಗಳೂ ಮೊದಲು ಕಾಗದದ ಮೇಲೆ ಮೂಡಿ ಆಮೇಲೆ ನೆಲಕ್ಕಿಳಿದವು. ಹಂಚಿಕೆಯ ದಾಖಲೆ ಇದ್ದಲ್ಲಿ ಗಡಿಯ ಜಗಳ ಕಡಿಮೆ.

ಸೇವೆಯ ಕೊನೆಯ ಹಂತ ಕಟ್ಟಡ ಮುಗಿದ ಮೇಲೆ ಅದನ್ನು ಬಳಸಬಹುದು ಎಂದು ಕೊಡುವ ಸ್ವಾಧೀನಾನುಭವ ಪತ್ರ; ಎಲ್ಲರ ಬಾಯಲ್ಲಿರುವ ಈ ಓಸಿ ತೀರಾ ಇತ್ತೀಚಿನವರೆಗೆ ನಮ್ಮ ಊರುಗಳಲ್ಲಿ ಹೆಸರಿಗಷ್ಟೇ ಇತ್ತು. ಮನೆ ಮುಗಿಯುತ್ತಿತ್ತು, ಗೃಹಪ್ರವೇಶ ಆಗುತ್ತಿತ್ತು, ಮೀಟರು ಬರುತ್ತಿತ್ತು. 2024ರ ಡಿಸೆಂಬರ್ 17ರಂದು ಉತ್ತರಪ್ರದೇಶದ ಮೀರತ್‌ನ ಅನಧಿಕೃತ ಕಟ್ಟಡವೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಇದನ್ನು ಬದಲಿಸಿತು: ಓಸಿ ಅಥವಾ ಪೂರ್ಣತಾ ಪ್ರಮಾಣಪತ್ರ ನೋಡಿದ ಮೇಲೆಯೇ ವಿದ್ಯುತ್ತು, ನೀರು, ಒಳಚರಂಡಿ ಸಂಪರ್ಕ ಕೊಡಬೇಕು, ಬ್ಯಾಂಕುಗಳೂ ಅದನ್ನು ಪರಿಶೀಲಿಸಿಯೇ ಸಾಲ ಕೊಡಬೇಕು, ಕಟ್ಟುವಾಗ ಮಂಜೂರಾದ ನಕ್ಷೆಯನ್ನು ಸ್ಥಳದಲ್ಲಿ ಪ್ರದರ್ಶಿಸಬೇಕು. 2025ರಲ್ಲಿ ರಾಜ್ಯದ ವಿದ್ಯುತ್ ಕಂಪನಿಗಳು ಇದನ್ನು ಜಾರಿಗೆ ತಂದಾಗ ಮುಗಿದ ಮನೆಗಳು ಮೀಟರಿಲ್ಲದೆ ನಿಂತವು, ಮತ್ತು ಸರ್ಕಾರ 1,200 ಚದರ ಅಡಿವರೆಗಿನ ನಿವೇಶನಗಳ ಸಣ್ಣ ಮನೆಗಳಿಗೆ ವಿನಾಯಿತಿಯ ದಾರಿ ಹುಡುಕಿತು.

ಆರ್ಕಿಟೆಕ್ಟನ ದೃಷ್ಟಿಯಿಂದ ಈ ತೀರ್ಪು ಒಳ್ಳೆಯದು ಎಂದೇ ಹೇಳುತ್ತೇನೆ. ನಾವು ಬರೆದ ನಕ್ಷೆಗೂ ಮೇಸ್ತ್ರಿ ಎಬ್ಬಿಸಿದ ಮನೆಗೂ ಸಂಬಂಧವಿರಬೇಕೆಂದು ಮೊದಲ ಬಾರಿಗೆ ಗ್ರಾಹಕರೇ ಕೇಳತೊಡಗಿದ್ದಾರೆ. ಆದರೆ ಹಳೆಯ ಅಭ್ಯಾಸಕ್ಕೆ ಕಾರಣವೂ ಕಾನೂನೇ. 1961ರ ಅಧಿನಿಯಮಕ್ಕೆ 76ಎಫ್‌ಎಫ್ ಎಂಬ ಪ್ರಕರಣವನ್ನು ಸೇರಿಸಿ, ವಾಸದ ಕಟ್ಟಡಗಳಲ್ಲಿ ಶೇಕಡಾ 50ರವರೆಗಿನ, ವಾಣಿಜ್ಯ ಕಟ್ಟಡಗಳಲ್ಲಿ ಶೇಕಡಾ 25ರವರೆಗಿನ ಉಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಸಕ್ರಮಗೊಳಿಸುವ ಅಕ್ರಮ-ಸಕ್ರಮ ಎಂಬ ಯೋಜನೆ ಮಾಡಲಾಗಿತ್ತು. 2014ರಲ್ಲಿ ಅದರ ನಿಯಮಗಳು ಬಂದವು, 2016ರ ಡಿಸೆಂಬರಿನಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಜನರ ಮನಸ್ಸಿನಲ್ಲಿ ಮಾತ್ರ ಅಕ್ರಮ-ಸಕ್ರಮ ಇನ್ನೂ ಜಾರಿಯಲ್ಲಿದೆ. ಸುತ್ತಲೂ ಜಾಗ ಬಿಡಿ ಎಂದರೆ, ಮುಂದೆ ದಂಡ ಕಟ್ಟಿ ಸರಿ ಮಾಡಿಸಿಕೊಂಡರಾಯಿತು ಎಂದು ಹೇಳುವ ಗ್ರಾಹಕರು ಇಂದಿಗೂ ಬರುತ್ತಾರೆ. ಒಂದು ಕಾಲದಲ್ಲಿ ಸರ್ಕಾರವೇ ಕೊಟ್ಟ ಭರವಸೆಯನ್ನು ಅಲ್ಲಗಳೆಯುವ ಕೆಲಸ ಖಾಸಗಿ ವೃತ್ತಿಯವನ ಪಾಲಿಗೆ ಬಂದಿದೆ.

ವಿಜಯಪುರದ ಕೆಲಸಗಳಲ್ಲಿ ಇನ್ನೊಂದು ಹಂತ ಹೆಚ್ಚು. ಸ್ಮಾರಕಗಳ ಕೇಂದ್ರ ಅಧಿನಿಯಮಕ್ಕೆ 2010ರಲ್ಲಿ ಬಂದ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಮತ್ತೆ 200 ಮೀಟರ್ ನಿಯಂತ್ರಿತ ಪ್ರದೇಶ. ಗೋಳಗುಮ್ಮಟ, ಜಾಮಿಯಾ ಮಸೀದಿ, ಬಾರಾ ಕಮಾನು, ಗಗನ ಮಹಲ್, ಅಸರ್ ಮಹಲ್ ಹೀಗೆ ಸ್ಮಾರಕಗಳ ನಡುವೆಯೇ ಊರು ಹಬ್ಬಿರುವುದರಿಂದ ಈ ವರ್ತುಲಗಳು ಒಂದರ ಮೇಲೊಂದು ಹಾಯುತ್ತವೆ. ನಿಷೇಧಿತ ಪ್ರದೇಶದಲ್ಲಿ 1992ರ ಜೂನ್ 16ಕ್ಕೆ ಮೊದಲು ಇದ್ದ ಮನೆಯ ದುರಸ್ತಿಗೆ ಅವಕಾಶವಿದೆ, ಹೊಸದಾಗಿ ಕಟ್ಟುವಂತಿಲ್ಲ. ಇದನ್ನು ನಾನು ವಿರೋಧಿಸುವವನಲ್ಲ. ಆದರೆ ರಾಜ್ಯದ ಸೇವೆಗೂ ಕೇಂದ್ರದ ಅನುಮತಿಗೂ ನಡುವೆ ಒಂದು ಕೊಂಡಿ ಬೇಕು. ನಿವೇಶನದ ಸಿಟಿಎಸ್ ನಂಬರು ಹಾಕಿದೊಡನೆ ಅದು ಯಾವ ವರ್ತುಲದಲ್ಲಿದೆ ಎಂದು ತೋರಿಸಿದರೆ ನಿಷೇಧಿತ ಪ್ರದೇಶದ ಮನೆಗೆ ವ್ಯರ್ಥವಾಗಿ ನಕ್ಷೆ ಬರೆಯುವುದು ತಪ್ಪುತ್ತದೆ. ಬಾದಾಮಿ, ಐಹೊಳೆ, ಪಟ್ಟದಕಲ್ಲಿನ ಮನೆಗಳಿಗೂ ಇದು ಅಷ್ಟೇ ಅನ್ವಯ.

ವಿನ್ಯಾಸದ ಬಗ್ಗೆ ಹೇಳದೆ ಹೋದರೆ ಈ ವಿಮರ್ಶೆ ಗುಮಾಸ್ತನದಾಗುತ್ತದೆ. ಬಾಗಲಕೋಟೆ, ವಿಜಯಪುರಗಳ ಹಳೆಯ ಮನೆಗಳು ಪಕ್ಕದ ಮನೆಗೆ ಗೋಡೆ ತಾಗಿಸಿಕೊಂಡು, ನಡುವೆ ಅಂಗಳ ಬಿಟ್ಟುಕೊಂಡು, ದಪ್ಪ ಕಲ್ಲಿನ ಗೋಡೆ, ಪಡಸಾಲೆ, ಮಣ್ಣಿನ ಮಾಳಿಗೆಗಳಿಂದ ಏಪ್ರಿಲ್-ಮೇ ತಿಂಗಳ ಬಿಸಿಲನ್ನು ತಡೆಯುತ್ತಿದ್ದವು. ಇಂದಿನ ನಿಯಮಗಳು ತೆರೆದ ಜಾಗವನ್ನು ಮನೆಯ ಸುತ್ತ ಹಂಚುತ್ತವೆ. ಸಣ್ಣ ನಿವೇಶನದಲ್ಲಿ ಆ ಜಾಗ ಮನುಷ್ಯ ಅಡ್ಡಡ್ಡ ನಡೆಯಬೇಕಾದ ಓಣಿಯಾಗಿ, ಬಿಸಿಗಾಳಿಯ ಹಾದಿಯಾಗಿ ಉಳಿಯುತ್ತದೆ. ಅಂಗಳಕ್ಕೆ ಜಾಗವೇ ಉಳಿಯುವುದಿಲ್ಲ. ಇನ್ನೊಂದು ಅನ್ಯಾಯ ಗೋಡೆಯದು. ಕಟ್ಟಡದ ವಿಸ್ತೀರ್ಣವನ್ನು ಗೋಡೆಯ ಹೊರ ಅಂಚಿನಿಂದ ಅಳೆಯುವುದರಿಂದ, ಬಾದಾಮಿ ಕಡೆಯ ಮರಳುಗಲ್ಲಿನಲ್ಲಿಯೋ ಬೆಳಗಾವಿ ಸೀಮೆಯ ಜಂಬಿಟ್ಟಿಗೆಯಲ್ಲಿಯೋ ಒಂದೂವರೆ ಅಡಿ ದಪ್ಪದ ಗೋಡೆ ಎಬ್ಬಿಸುವವನು ತನಗೆ ಸಿಗಬೇಕಾದ ನೆಲದಲ್ಲಿ ಒಂದು ಪಾಲನ್ನು ಗೋಡೆಗೇ ಕಳೆದುಕೊಳ್ಳುತ್ತಾನೆ. ಆರಿಂಚಿನ ಸಿಮೆಂಟ್ ಬ್ಲಾಕಿನ ಗೋಡೆ ಕಟ್ಟಿ ಎಸಿ ಹಾಕಿಸಿಕೊಂಡವನಿಗೆ ಆ ನಷ್ಟವಿಲ್ಲ. ಉಷ್ಣ ತಡೆಯುವ ದಪ್ಪ ಗೋಡೆಗೆ ವಿಸ್ತೀರ್ಣದ ಲೆಕ್ಕದಲ್ಲಿ ರಿಯಾಯಿತಿ ಕೊಡುವುದು ತಂತ್ರಾಂಶಕ್ಕೆ ಕಷ್ಟದ ಕೆಲಸವಲ್ಲ. ಆ ನಿಯಮವನ್ನು ಬರೆಯುವವರು ಬೇಕು.

ಸಹಿಯ ಹೊಣೆಗೆ ಬರುತ್ತೇನೆ. ಬೆಂಗಳೂರಿನಲ್ಲಿ 2024ರಲ್ಲಿ ಆರಂಭವಾದ ನಂಬಿಕೆ ನಕ್ಷೆ ಯೋಜನೆಯಲ್ಲಿ 50×80 ಅಡಿವರೆಗಿನ ವಾಸದ ನಿವೇಶನಗಳಿಗೆ ಆರ್ಕಿಟೆಕ್ಟ್ ಅಥವಾ ಎಂಜಿನಿಯರರ ಸ್ವಯಂ ದೃಢೀಕರಣದ ಮೇಲೆ ತಾತ್ಕಾಲಿಕ ಮಂಜೂರಾತಿ ಕೊಟ್ಟು, ಅಧಿಕಾರಿಗಳು ಆಮೇಲೆ ಪರಿಶೀಲಿಸುವ ಕ್ರಮ ಬಂತು. ಈ ಮಾದರಿ ನಮ್ಮ ಕಡೆಗೂ ಬರಲಿ ಎಂಬ ಬೇಡಿಕೆ ಇಲ್ಲಿಯ ವೃತ್ತಿಬಾಂಧವರಲ್ಲಿದೆ, ನನಗೂ ಇದೆ, ಆದರೆ ಷರತ್ತಿನೊಂದಿಗೆ. ದಾಖಲೆಯ ಸಾಚಾತನಕ್ಕೆ, ರಸ್ತೆಯ ಅಗಲಕ್ಕೆ, ಮಹಾಯೋಜನೆಯಲ್ಲಿ ನಿವೇಶನದ ವಲಯವನ್ನು ಹೇಳುವ ಬಣ್ಣಕ್ಕೆ ನಾವು ಹೊಣೆಯಾಗುವುದಾದರೆ ಆ ಮೂರೂ ಮಾಹಿತಿಗಳು ದಿನಾಂಕ ಸಹಿತ ಸಾರ್ವಜನಿಕವಾಗಿ ಸಿಗಬೇಕು. ಈಗಾಗಲೇ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಅಧಿನಿಯಮದಡಿ 500 ಚದರ ಮೀಟರ್ ಅಥವಾ 8 ಮನೆಗಳನ್ನು ಮೀರಿದ ಯೋಜನೆಗಳಲ್ಲಿ, ಖರೀದಿದಾರರ ಹಣದ ಶೇಕಡಾ 70 ಭಾಗ ಇಟ್ಟ ಖಾತೆಯಿಂದ ಬಿಲ್ಡರು ಹಣ ತೆಗೆಯಬೇಕಾದರೆ ಎಂಜಿನಿಯರು, ಲೆಕ್ಕಪರಿಶೋಧಕರೊಂದಿಗೆ ಆರ್ಕಿಟೆಕ್ಟನ ಪ್ರಮಾಣಪತ್ರವೂ ಬೇಕು. ಸಹಿಯ ತೂಕ ವರ್ಷದಿಂದ ವರ್ಷಕ್ಕೆ ಏರುತ್ತಿದೆ, ಶುಲ್ಕ ಮಾತ್ರ ಚದರ ಅಡಿಗೆ ಇಷ್ಟು ಎಂಬ ಹಳೆಯ ದರದಲ್ಲಿಯೇ ನಿಂತಿದೆ.

ಇದಕ್ಕೆ ಒಂದು ಕಾರಣ ಸ್ಪರ್ಧೆ. 1972ರ ಆರ್ಕಿಟೆಕ್ಟರ ಅಧಿನಿಯಮದ 37ನೆಯ ಪ್ರಕರಣ ನೋಂದಣಿ ಇಲ್ಲದವರು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳುವುದನ್ನು ಮಾತ್ರ ತಡೆಯುತ್ತದೆ, ಆ ಕೆಲಸ ಮಾಡುವುದನ್ನು ತಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಮಾರ್ಚಿನಲ್ಲಿ ಸ್ಪಷ್ಟಪಡಿಸಿದೆ. ನಮ್ಮ ಊರುಗಳ ಬಹುಪಾಲು ಮನೆಗಳ ನಕ್ಷೆಗಳನ್ನು ಎಂಜಿನಿಯರರೇ ಬರೆಯುತ್ತಾರೆ, ಅವರಲ್ಲಿ ಅನೇಕರು ಚೆನ್ನಾಗಿಯೇ ಬರೆಯುತ್ತಾರೆ. ಆ ಬಗ್ಗೆ ನನಗೆ ತಕರಾರಿಲ್ಲ. ತಕರಾರು ಇರುವುದು ನಕ್ಷೆ ಬರೆದವರೊಬ್ಬರು, ಲಾಗಿನ್ ಮತ್ತೊಬ್ಬರದು, ಸ್ಥಳ ನೋಡಿದವರು ಯಾರೂ ಇಲ್ಲ ಎಂಬ ವ್ಯವಹಾರದ ಬಗ್ಗೆ. ಸೇವೆಯಲ್ಲಿ ನೋಂದಾಯಿತ ವೃತ್ತಿಪರರ ಲಾಗಿನ್ ಬಾಡಿಗೆಗೆ ಹೋಗದಂತೆ ತಡೆಯುವ ಏರ್ಪಾಡು ಬಿಗಿಯಾಗದೆ ಸ್ವಯಂ ದೃಢೀಕರಣವನ್ನು ಇಲ್ಲಿಗೆ ತಂದರೆ ಅದರ ಪೆಟ್ಟು ಮನೆ ಮಾಲೀಕರ ಮೇಲೆ ಬೀಳುತ್ತದೆ.

ಈ ಸೇವೆಯನ್ನು ಬಳಸಬೇಕೇ ಎಂಬ ಪ್ರಶ್ನೆಯೇ ಇಲ್ಲ, ಬೇರೆ ದಾರಿಯಿಲ್ಲ. ಬೆಳಗಾವಿಯ ದಂಡು ಪ್ರದೇಶದವರು ಮಾತ್ರ ಇದರ ವ್ಯಾಪ್ತಿಗೆ ಬರುವುದಿಲ್ಲ. ಅವರದು 2006ರ ಕಂಟೋನ್ಮೆಂಟ್ ಅಧಿನಿಯಮ, ಅವರ ಮಂಡಳಿಯೇ ಬೇರೆ. ಉಳಿದವರಿಗೆ ನನ್ನ ಸಲಹೆ: ಆರ್ಕಿಟೆಕ್ಟರ ಬಳಿ ಹೋಗುವ ಮೊದಲು ಸಿಟಿ ಸರ್ವೆಯಿಂದ ಅಳತೆ ಮಾಡಿಸಿಕೊಳ್ಳಿ, ಪ್ರಾಪರ್ಟಿ ಕಾರ್ಡು, ಇ-ಖಾತೆ, ಖರೀದಿ ಪತ್ರ ಮೂರರಲ್ಲಿಯೂ ಹೆಸರು ಮತ್ತು ಅಳತೆ ಒಂದೇ ಇದೆಯೇ ನೋಡಿಕೊಳ್ಳಿ. ಅರ್ಜಿ ಬಾಕಿ ಇರುವ ದಿನಗಳನ್ನು ಕಡಿಮೆ ಮಾಡುವ ಉಪಾಯ ನಿಮ್ಮ ಕೈಯಲ್ಲಿರುವುದು ಇಷ್ಟೇ. ನನ್ನ ಕಚೇರಿಯ ಕರಾರು ಪತ್ರದಲ್ಲಿ ಈಗ ಒಂದು ಹೊಸ ಕಲಮು ಸೇರಿದೆ: ನಕ್ಷೆ ಸಲ್ಲಿಸಿದ ಮೇಲೆ ನಿಯಮ ಬದಲಾಗಿ ಮತ್ತೆ ಬರೆಯಬೇಕಾದರೆ ಅದರ ಶುಲ್ಕ ಪ್ರತ್ಯೇಕ. ಆ ಕಲಮಿನ ಬಗ್ಗೆ ಪ್ರಶ್ನೆ ಕೇಳದ ಗ್ರಾಹಕರಿಲ್ಲ. ಹೌರಾದ ಪ್ರಕರಣವನ್ನು ವಿವರಿಸಿದ ಮೇಲೆ ಹೆಚ್ಚಿನವರು ಸಹಿ ಹಾಕುತ್ತಾರೆ, ಕೆಲವರು ಅಂಥ ಕಲಮು ಇಲ್ಲದ ಕಚೇರಿಯನ್ನು ಹುಡುಕಿಕೊಂಡು ಹೋಗುತ್ತಾರೆ.